ಗೋಡೆಯ ಮೂಗಿಗೆ ವಿಭೂತಿ

ನನಗೆ ವಾಸನೆ ಗೊತ್ತಾಗುವುದಿಲ್ಲ. ಈಗ ಒಂದೇ ಸಾಲಿನಲ್ಲಿ ಬರೆದುಬಿಟ್ಟೆ, ಆದರೆ ಎರಡು ವರ್ಷ ಈ ವಿಷಯವನ್ನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. ಅಡುಗೆಯವಳ ಮೂಗು ಹೋಯಿತು ಅಂತ ಊರಿಗೆ ಗೊತ್ತಾದರೆ ಅವಳನ್ನು ಒಲೆಯ ಹತ್ತಿರ ಯಾರು ಬಿಟ್ಟುಕೊಳ್ಳುತ್ತಾರೆ? ಕಣ್ಣು ಕಾಣದ ದರ್ಜಿಗೆ ರವಿಕೆ ಹೊಲಿಯಲು ಕೊಡುವವರುಂಟೇ?

ಹೊಳಲ್ಕೆರೆಯ ಒಂದು ಕಲ್ಯಾಣ ಮಂಟಪದ ಅಡುಗೆಮನೆ ನನ್ನ ಕೈಯಲ್ಲಿದೆ. ಮದುವೆ, ನಿಶ್ಚಿತಾರ್ಥ, ಸೀಮಂತ, ನಾಮಕರಣ, ಯಾವುದೇ ಇರಲಿ, ಐನೂರು ಎಲೆ ಬಿದ್ದರೂ ಸಾರಿನ ರುಚಿ ಕೆಟ್ಟಿತು ಅನ್ನಿಸಿಕೊಂಡವಳಲ್ಲ ನಾನು. ಮಂಟಪ ಕಟ್ಟಿಸಿದವರು ಭೀಮಸಮುದ್ರದ ಅಡಿಕೆ ವ್ಯಾಪಾರಿಗಳು. ವಯಸ್ಸಿನಲ್ಲಿ ನನ್ನ ತಮ್ಮನಷ್ಟಿದ್ದರೂ ಎಲ್ಲರಂತೆ ನಾನೂ ಅವರನ್ನು ಸಾಹುಕಾರರೇ ಅನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ನನ್ನ ಯಜಮಾನರಿಗೆ ಕುರಿ ಹಿಂಡೇ ಲೋಕ. ಮಗ ಸಾಹುಕಾರರ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ. ಸೊಸೆ ಬಾಗೂರಿನ ಹುಡುಗಿ, ಮದುವೆಯಾಗಿ ಬಂದ ಮೇಲೆ ನನ್ನ ಜೊತೆ ಮಂಟಪದ ಅಡುಗೆಗೆ ನಿಂತಳು. ಮೆತ್ತನೆಯ ಸ್ವಭಾವ. ನನ್ನದು ಹಾಗಲ್ಲ, ನನ್ನ ಬಾಯಿಗೆ ಹೆದರಿ ಪಾತ್ರೆ ತೊಳೆಯುವವರು ಎರಡು ಸಲ ಉಜ್ಜುತ್ತಾರೆ.

ಮೂಗು ಹೋದದ್ದು ಒಂದು ಬೇಸಿಗೆಯ ಜ್ವರದಲ್ಲಿ. ಜ್ವರ ಐದು ದಿನಕ್ಕೆ ಬಿಟ್ಟಿತು, ನಾನೂ ಎದ್ದು ಕೆಲಸಕ್ಕೆ ಬಂದೆ. ತುಪ್ಪ ಕಾಯಿಸಿ ಇಂಗು ಹಾಕಿದೆ, ಇಂಗು ಉಬ್ಬಿತು, ವಾಸನೆ ಮಾತ್ರ ಇಲ್ಲ. ಇನ್ನೊಂದು ಚೂರು ಹಾಕಿದೆ, ಅದೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಡಬ್ಬಿ ಎತ್ತಿಕೊಂಡು ಸೀದಾ ಅಂಗಡಿಗೆ ಹೋಗಿ, "ಏನಪ್ಪಾ, ಮೈದಾಹಿಟ್ಟು ಕಲಸಿ ಇಂಗು ಅಂತ ಕೊಟ್ಟೀಯಾ?" ಎಂದು ನಾಲ್ಕು ಜನರ ಎದುರಿಗೆ ಜಾಡಿಸಿದೆ. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದು ಮೂಸಿದ, ಎರಡು ಸೀನು ಸೀನಿದ, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡಿದ. ನಾನು ಡಬ್ಬಿ ತೆಗೆದುಕೊಂಡು ವಾಪಸ್ಸು ಬಂದೆ. ದಾರಿಯಲ್ಲಿ ಮಲ್ಲಿಗೆ ಮಾರುವವಳ ಬುಟ್ಟಿಯ ಮೇಲೆ ಬಗ್ಗಿದೆ. ಚರಂಡಿಯ ಪಕ್ಕ ನಿಂತೆ. ಎರಡೂ ಒಂದೇ ಆಗಿದ್ದವು.

ಚಿತ್ರದುರ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ, ಮನೆಯಲ್ಲಿ ಹಲ್ಲುನೋವು ಅಂತ ಸುಳ್ಳು ಹೇಳಿ. ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ಒಂದು ವಾರ ಮೂಗಿಗೆ ಔಷಧಿ ಬಿಟ್ಟುಕೊಂಡು ನೋಡಿದೆ. ಬರಲಿಲ್ಲ.

ಆಮೇಲೆ ಶುರುವಾಯಿತು ನನ್ನ ನಾಟಕ. ಒಗ್ಗರಣೆಯನ್ನು ಕಿವಿಯಿಂದ ನೋಡಿಕೊಂಡೆ, ಸಾರನ್ನು ಕಣ್ಣಿಂದ. ಬೇಳೆ ತಳ ಹಿಡಿಯುವ ಮುಂಚೆ ಗುಳ್ಳೆಗಳು ದಪ್ಪವಾಗಿ ನಿಧಾನವಾಗುತ್ತವೆ, ಅದನ್ನು ಕಲಿತೆ. ಉಳಿದದ್ದಕ್ಕೆ ಸೊಸೆಯ ಮೂಗು ಇತ್ತು. "ಏನೇ, ಏನಾದ್ರೂ ಸೀದ ವಾಸ್ನೆ ಬರ್ತೈತೇನು?" ಎಂದು ಪರೀಕ್ಷೆ ಮಾಡುವವಳ ಥರ ಕೇಳುತ್ತಿದ್ದೆ. ಹೂಂ ಅಂದರೆ, "ಗೊತ್ತಾದ್ ಮೇಲೂ ನಿಂತೀಯಲ್ಲ, ಇಳ್ಸು!" ಎಂದು ಅವಳ ಮೇಲೇ ಹರಿಹಾಯುತ್ತಿದ್ದೆ. ಇಲ್ಲ ಅಂದರೆ, "ಹಂಗೇ ಇರ್ಬೇಕು" ಅನ್ನುತ್ತಿದ್ದೆ. ಪಾಪ, ಅತ್ತೆ ತನಗೆ ಕೆಲಸ ಕಲಿಸುತ್ತಿದ್ದಾಳೆ ಅಂದುಕೊಂಡಿದ್ದಳು. ಎದುರು ಮಾತಾಡದ ಸೊಸೆ ಸಿಕ್ಕಿದ್ದಾಳೆ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು.

ಸೀದ ಸಾರನ್ನು ಹೇಗೋ ಸಂಭಾಳಿಸಬಹುದು. ಗ್ಯಾಸಿನದೇ ನನಗೆ ಜೀವಭಯ. ಹಿತ್ತಲಲ್ಲಿ ಕಬ್ಬಿಣದ ಜಾಲರಿಯೊಳಗೆ ಆರು ದೊಡ್ಡ ಸಿಲಿಂಡರುಗಳು, ಅಲ್ಲಿಂದ ಗೋಡೆ ಕೊರೆದು ಒಳಗೆ ಬರುವ ಪೈಪು, ಪೈಪಿನಿಂದ ಒಂದೊಂದು ಒಲೆಗೂ ರಬ್ಬರ್ ಟ್ಯೂಬು. ಸೋರಿದರೆ ಯಾರಿಗಾದರೂ ಗೊತ್ತಾಗುತ್ತದೆ, ನನಗೆ ಗೊತ್ತಾಗುವುದಿಲ್ಲ. ಬೆಂಕಿಕಡ್ಡಿ ಗೀರಿದ ಮೇಲೆ ಗೊತ್ತಾಗಿ ಏನು ಬಂತು? ಅದಕ್ಕೇ ದಿನಾ ಬೆಳಿಗ್ಗೆ ಯಾರೂ ಬರುವ ಮುಂಚೆ ಸೋಪಿನ ನೊರೆ ಮಾಡಿಕೊಂಡು ಪೈಪಿನ ಒಂದೊಂದು ಸಂದಿಗೂ ಹಚ್ಚುತ್ತಿದ್ದೆ. ಗುಳ್ಳೆ ಏಳದಿದ್ದರೆ ಒಲೆ. ಯಾರಾದರೂ ನೋಡಿ ಕೇಳಿದರೆ ಎಣ್ಣೆ ಜಿಡ್ಡು ತೊಳೀತಿದ್ದೀನಿ ಅನ್ನುತ್ತಿದ್ದೆ. ನೊರೆ ಹಚ್ಚಿದ ಮೇಲೂ ಕಡ್ಡಿ ಗೀರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಸಾಹುಕಾರರಿಗೆ ಮಂಟಪವನ್ನೆಲ್ಲ ಆಟೊಮ್ಯಾಟಿಕ್ ಮಾಡಿಸುವ ಹುಕಿ ಬಂತು. ದಾವಣಗೆರೆಯ ನೆಂಟರ ಮನೆಯಲ್ಲಿ ನೋಡಿ ಬಂದಿದ್ದರಂತೆ. ಜನ ಇಲ್ಲದ ಹಾಲಿನಲ್ಲಿ ಫ್ಯಾನು ತಿರುಗುತ್ತವೆ, ಟ್ಯಾಂಕು ತುಂಬಿ ರಸ್ತೆಗೆ ಹರಿಯುತ್ತದೆ, ಇನ್ನು ಮೇಲೆ ಅದೆಲ್ಲ ಇರುವುದಿಲ್ಲ ಎಂದರು. ಹಿರಿಯೂರಿನಿಂದ ಒಬ್ಬ ವೈರ್‌ಮನ್ ಬಂದ. ನಡುವಯಸ್ಸಿನವನು, ಮಾತಿಗಿಂತ ತಂತಿ ಹೆಚ್ಚು ಎಳೆಯುವವನು. ಹದಿನೈದು ದಿನ ಗೋಡೆ ಕೊರೆದ. "ಇನ್ನು ಎಲ್ಲಾ ತಾನೇ ನೋಡ್ಕಂತೈತೆ ಅಕ್ಕಾ, ನೀವು ಆರಾಮಾಗಿ ಕುಂತ್ಕಳ್ರಿ" ಎಂದು ಸಾಹುಕಾರರು ನಕ್ಕರು. ಆರಾಮಾಗಿ ಕುಂತ್ಕಳ್ರಿ ಅಂದರೆ ಮನೆಯಲ್ಲಿ ಕುಂತ್ಕಳ್ರಿ ಅಂತಲೂ ಆಗಬಹುದಲ್ಲ, ನನಗೆ ಅವತ್ತು ಊಟ ಸೇರಲಿಲ್ಲ.

ಸುಳ್ಳು ಯಾಕೆ, ಬಂದ ಮೇಲೆ ಅನುಕೂಲವೇ ಆಯಿತು. ನೀರಿನ ಮೋಟರು ಟ್ಯಾಂಕು ತುಂಬಿದ ಕೂಡಲೇ ನಿಲ್ಲುತ್ತಿತ್ತು, ಮೊದಲಿನಂತೆ ಒಗ್ಗರಣೆ ಬಿಟ್ಟು ಸ್ವಿಚ್ಚಿನ ಹತ್ತಿರ ಓಡುವುದು ತಪ್ಪಿತು. ಊಟದ ಹಾಲಿಗೆ ಜನ ಬಂದರೆ ದೀಪ ಹತ್ತುತ್ತಿತ್ತು, ಎದ್ದು ಹೋದರೆ ಆರುತ್ತಿತ್ತು. ದಾಸ್ತಾನು ಕೋಣೆಯಲ್ಲಿ ಎರಡೂ ಕೈಯಲ್ಲಿ ಅಕ್ಕಿ ಚೀಲ ಹಿಡಿದು ಹೋದರೂ ಕತ್ತಲೆಯಲ್ಲಿ ತಡಕಾಡಬೇಕಿರಲಿಲ್ಲ. ಶುರುವಿನಲ್ಲಿ ಒಂದು ಮದುವೆಯ ದಿನ ಪೂಜೆ ಮಾಡಿಸಲು ಬಂದ ಅಯ್ಯನವರು ಪೂಜೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಅಲುಗಾಡದೆ ಕೂತಿದ್ದರು, ಜನ ಇಲ್ಲ ಅಂದುಕೊಂಡು ದೀಪ ಆರಿಬಿಟ್ಟಿತು. ಅವರು ಮಂತ್ರ ನಿಲ್ಲಿಸದೆ ಕೈ ಮೇಲೆತ್ತಿ ಬೀಸಿದರು, ಹತ್ತಿತು. ಮತ್ತೆ ಆರಿತು, ಮತ್ತೆ ಬೀಸಿದರು. ಬೀಗರು ಅದೂ ಪೂಜೆಯ ಕ್ರಮವೇ ಇರಬೇಕೆಂದು ತಾವೂ ಕೈ ಎತ್ತಿದರು. ವೈರ್‌ಮನ್ ಬಂದು ಅದನ್ನು ಸರಿಮಾಡಿ ಹೋದ.

ಅಡುಗೆಮನೆಯ ಗೋಡೆಗೆ, ನೆಲದಿಂದ ಮೊಣಕಾಲೆತ್ತರದಲ್ಲಿ, ಅವನು ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ ಕೂರಿಸಿದ್ದ. ಅಷ್ಟು ಕೆಳಗೆ ಯಾಕಪ್ಪ ಅಂದೆ. "ಈ ಗ್ಯಾಸು ಗಾಳಿಗಿಂತ ಭಾರ ಅಕ್ಕಾರೆ, ನೆಲ ಹಿಡ್ಕಂಡೇ ಹರಿಯೋದು. ಇದರ ಮೂಗು ಇಲ್ಲೈತೆ ನೋಡ್ರಿ" ಎಂದು ಪೆಟ್ಟಿಗೆಯ ಮುಖದ ಮೇಲಿನ ಸಣ್ಣ ಸಣ್ಣ ಸೀಳುಗಳನ್ನು ತೋರಿಸಿದ. ಸಿಗರೇಟು ಹಚ್ಚುವ ಲೈಟರನ್ನು ಕಿಡಿ ಬಾರದಂತೆ ಒತ್ತಿ ಅದರ ಮುಂದೆ ಹಿಡಿದ. ಪೆಟ್ಟಿಗೆ ಚೀರಿಕೊಂಡಿತು. ಹಿತ್ತಲಲ್ಲಿ ಸಿಲಿಂಡರಿನ ಪೈಪಿಗೆ ಕೂರಿಸಿದ ವಾಲ್ವು ಟಕ್ಕೆಂದು ಮುಚ್ಚಿಕೊಂಡಿತು. ಸಾಹುಕಾರರ ಫೋನಿಗೂ ಸುದ್ದಿ ಹೋಯಿತು. "ಇದು ಕೂಗಿದ್ರೆ ಯಾವ್ ಸ್ವಿಚ್ಚೂ ಮುಟ್ಬ್ಯಾಡ್ರಿ, ಹಾಕಾದೂ ಬ್ಯಾಡ, ಆರಿಸಾದೂ ಬ್ಯಾಡ, ಕಿಡಿ ಬರ್ತದೆ. ಬಾಗ್ಲು ತೆಗೆದು ಆಚೆ ಹೋಗ್ರಿ, ಅಷ್ಟೇ" ಎಂದು ಮೂರು ಸಲ ಹೇಳಿದ. ನಾನು ಮೂರು ಸಲವೂ ತಲೆಯಾಡಿಸಿದೆ. ಅವನು ಹೋದ ಮೇಲೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಹಸಿರು ದೀಪವನ್ನೇ ನೋಡಿದೆ. ನನ್ನ ಮೂಗು ಮಾಡದ ಕೆಲಸ ಅದು ಮಾಡುತ್ತದೆ ಅಂದರೆ ನಂಬಿಕೆ ಬರಲಿಲ್ಲ.

ನಂಬಿಕೆ ಬಂದದ್ದು ಒಂದು ತಿಂಗಳ ಮೇಲೆ. ಸಿಲಿಂಡರ್ ಬದಲಾಯಿಸುವಾಗ ಒಳಗಿನ ಪೈಪಿನ ಒಂದು ಸಂದಿ ಅಲುಗಿತ್ತು ಅಂತ ಕಾಣುತ್ತದೆ. ಮಧ್ಯಾಹ್ನ ಅಡುಗೆಮನೆಯಲ್ಲಿ ನಾನೊಬ್ಬಳೇ. ಕಾಫಿಗೆ ನೀರಿಟ್ಟು ಬೆಂಕಿಪೊಟ್ಟಣ ಕೈಗೆತ್ತಿಕೊಂಡಿದ್ದೆ, ಪೆಟ್ಟಿಗೆ ಚೀರಿತು. ಕಡ್ಡಿ ಕೈಯಲ್ಲೇ ಇತ್ತು. ನಾನು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ, ಬಾವಿಕಟ್ಟೆಯ ಮೇಲೆ ಕೂತಾಗ ಎಡಗಾಲಿನ ಚಪ್ಪಲಿ ಇರಲಿಲ್ಲ. ಅಷ್ಟರಲ್ಲಿ ಭೀಮಸಮುದ್ರದಿಂದ ಸಾಹುಕಾರರ ಫೋನು. "ಅಕ್ಕಾ, ಗ್ಯಾಸು ಸೋರೈತಂತೆ, ಆಚೆ ಬರ್ರಿ, ಆಚೆ ಬರ್ರಿ!" ನಾನು ಉಸಿರು ಹಿಡಿದು, "ಆಗ್ಲೇ ಬಂದೀನಿ ಸಾಹುಕಾರ್ರೆ, ಪೆಟ್ಟಿಗೆಗಿಂತ ಮುಂಚೆ ನನಗೇ ವಾಸ್ನೆ ಬಡೀತು" ಅಂದೆ. ಜೀವ ಉಳಿದ ಗಳಿಗೆಯಲ್ಲೂ ಬಾಯಿಗೆ ಬಂದದ್ದು ಸುಳ್ಳು.

ಅವತ್ತಿನಿಂದ ಆ ಪೆಟ್ಟಿಗೆ ನನಗೆ ಮನೆದೇವರಿಗೆ ಸಮವಾಯಿತು. ರಾತ್ರಿ ನಿದ್ದೆ ಬಂತು. ಕಡ್ಡಿ ಗೀರುವಾಗ ಕಣ್ಣು ಮುಚ್ಚುವುದು ನಿಂತಿತು. ಸೋಪಿನ ನೊರೆಯನ್ನೂ ನಿಲ್ಲಿಸಿದೆ. ಬೆಳಿಗ್ಗೆ ಬಂದ ಕೂಡಲೇ ಹಸಿರು ದೀಪ ಉರಿಯುತ್ತಿದೆಯಾ ಅಂತ ಒಂದು ಸಲ ಬಗ್ಗಿ ನೋಡಿದರೆ ಆಯಿತು, ನನ್ನ ಭಯವನ್ನೆಲ್ಲ ಅದಕ್ಕೆ ಒಪ್ಪಿಸಿ ಸೊಂಟಕ್ಕೆ ಸೆರಗು ಸಿಕ್ಕಿಸುತ್ತಿದ್ದೆ.

ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ಅನ್ನ ಕೊಡುವ ಸಾಮಾನಿಗೆಲ್ಲ ಪೂಜೆ. ಈಳಿಗೆಮಣೆ, ಸೌಟು, ಕೊಪ್ಪರಿಗೆ, ಗ್ರೈಂಡರು, ಒಲೆ, ನೀರಿನ ಮೋಟರು, ಒಂದನ್ನೂ ಬಿಡುವುದಿಲ್ಲ. ತೊಳೆದು, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂ ಸಿಕ್ಕಿಸುತ್ತೇವೆ. ವಿಭೂತಿಯನ್ನು ಒಣಗಾಗಿ ಹಚ್ಚಿದರೆ ನಿಲ್ಲುವುದಿಲ್ಲವೆಂದು ನಾನು ಬಟ್ಟಲಲ್ಲಿ ನೀರು ಹಾಕಿ ಗಟ್ಟಿಯಾಗಿ ಕಲಸುವವಳು. ಎಲ್ಲ ಮುಗಿದು ಸೊಸೆ ಮಂಡಕ್ಕಿ ಹಂಚಲು ಹೋದಾಗ ಪೆಟ್ಟಿಗೆಯ ಮುಂದೆ ಕೂತೆ. ನನ್ನ ಜೀವ ಉಳಿಸಿದ್ದಕ್ಕೆ, ನನ್ನ ಗುಟ್ಟು ಉಳಿಸಿದ್ದಕ್ಕೆ, ಬೇರೆ ಯಾವ ಸಾಮಾನಿಗೂ ಹಚ್ಚದಷ್ಟು ದಪ್ಪವಾಗಿ ಹಚ್ಚಿದೆ. ಎಲ್ಲಿಗೆ ಅಂದರೆ ಅದರ ಮೂಗಿಗೇ, ಆ ಸೀಳುಗಳ ಮೇಲೇ. ಮೂಗು ಹೋದವಳು ಕೈಮುಗಿಯುವುದು ಇನ್ನೆಲ್ಲಿಗೆ? ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿದೆ. ಹಸಿರು ದೀಪ ಉರಿಯುತ್ತಲೇ ಇತ್ತು.

ಅದಾಗಿ ಒಂದು ವಾರಕ್ಕೆ ಹಾಲುರಾಮೇಶ್ವರದ ಕಡೆಯವರ ನಿಶ್ಚಿತಾರ್ಥ, ಸಂಜೆಗೆ ಮುನ್ನೂರು ಜನರ ಊಟ. ನಮ್ಮ ಕಡೆ ಶುಭಕಾರ್ಯದ ಅಡುಗೆಗೆ ಮೊದಲು ಒಲೆ ಪೂಜೆ ಆಗಬೇಕು. ಮನೆಯವರ ಹಿರಿ ಹೆಂಗಸು ಆರತಿ ತರುತ್ತಾಳೆ, ಒಲೆಗೆ ಬೆಳಗಿ ಕರ್ಪೂರ ಹಚ್ಚುತ್ತಾಳೆ, ಆ ಕರ್ಪೂರದ ಉರಿಯಿಂದಲೇ ನಾವು ಒಲೆ ಹೊತ್ತಿಸುತ್ತೇವೆ. ಬೆಳಿಗ್ಗೆ ಒಲೆಗಳನ್ನೆಲ್ಲ ಎಳೆದು ತೊಳೆದು ಮತ್ತೆ ಜಾಗಕ್ಕೆ ದಬ್ಬಿದ್ದೆವು. ಮೂರು ಗಂಟೆಗೆ ಗಳಿಗೆ ಚೆನ್ನಾಗಿದೆ ಅಂದಿದ್ದರು. ಆಮೇಲೆ ತಡವಾಗುವುದು ಬೇಡವೆಂದು ನಾನು ಹಿತ್ತಲ ವಾಲ್ವನ್ನೂ ಒಳಗಿನ ಪೈಪಿನ ತಿರುಪನ್ನೂ ಮುಂಚೆಯೇ ತೆರೆದು, ಒಲೆಗಳ ಗುಂಡಿಗಳನ್ನು ಮಾತ್ರ ಮುಚ್ಚಿಟ್ಟು, ಮಣೆ ಹಾಕಿಕೊಂಡು ಹುರುಳಿಕಾಯಿ ಹೆಚ್ಚಲು ಕೂತೆ. ಎಳೆದಾಡಿದಾಗ ಒಂದು ಒಲೆಯ ಟ್ಯೂಬು ಬುಡದಲ್ಲಿ ಸಡಿಲವಾಗಿತ್ತು. ಹಾಲಿಗೂ ಅಡುಗೆಮನೆಗೂ ನಡುವಿನ ಓಣಿಯಲ್ಲಿ ಗ್ರೈಂಡರು ಗರಗರ ತಿರುಗುತ್ತಿತ್ತು, ಗ್ಯಾಸಿನ ಸುಯ್ಯೆನ್ನುವ ಸದ್ದು ಕೇಳಲಿಲ್ಲ. ತಲೆ ಭಾರವಾಗುತ್ತಿತ್ತು, ಉಂಡ ಮೇಲಿನ ಜೋಂಪು ಅಂದುಕೊಂಡೆ.

ಸೊಸೆ ಹಿತ್ತಲಿಂದ ತೊಳೆದ ಕೊತ್ತಂಬರಿ ಬುಟ್ಟಿ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು.

"ಅತ್ತೆ, ಗ್ಯಾಸ್ ವಾಸ್ನೆ ಬರ್ತೈತೆ."

ನಾನು ಪೆಟ್ಟಿಗೆಯ ಕಡೆ ನೋಡಿದೆ. ಹಸಿರು ದೀಪ. "ಎಲ್ಲಿ ಬರ್ತೈತೆ? ಪೆಟ್ಟಿಗೆ ಕೂಗ್ತಾ?"

"ಇಲ್ಲ. ಆದ್ರೂ ಜೋರಾಗೇ ಬರ್ತೈತೆ ಅತ್ತೆ."

ಇಲ್ಲೇ ನಾನು ಮಾಡಿದ ತಪ್ಪು. ಹೌದೇನೋ ಅನ್ನಬಹುದಿತ್ತು. ಎದ್ದು ಒಂದು ಸಲ ನೋಡಬಹುದಿತ್ತು. ಆದರೆ ಅವಳಿಗೆ ಬಂದ ವಾಸನೆ ನನಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಏಳುತ್ತದಲ್ಲ, ಆ ಭಯ ಮುಂದೆ ಬಂತು. ಪೆಟ್ಟಿಗೆ ಸುಮ್ಮನಿದೆ ಎಂಬ ಧೈರ್ಯವೂ ಸೇರಿತು. ದನಿ ಏರಿಸಿದೆ. "ನನಗೇನು ಮೂಗಿಲ್ವಾ? ಇಲ್ಲೇ ಕುಂತೀನಿ, ನನಗೆ ಬರದ ವಾಸ್ನೆ ನಿನಗೆಲ್ಲಿಂದ ಬಂತೇ? ಆ ಕೊತ್ತಂಬರಿ ಕೊಳೆತಿರ್ಬೇಕು ನೋಡು. ಶುಭಕಾರ್ಯದ ಹೊತ್ನಾಗೆ ಹೆದರಿಸ್ಬ್ಯಾಡ. ಹೋಗಿ ಒಲೆ ಹತ್ರ ನಿಂತ್ಕ, ಆರತಿ ಬಂತು."

"ಆಯ್ತು ಅತ್ತೆ" ಅಂದಳು.

ಬುಟ್ಟಿ ಇಳಿಸಿದಳು. ಸೆರಗಿನ ತುದಿಯನ್ನು ಮೂಗಿಗೆ ಒತ್ತಿ ಹಿಡಿದುಕೊಂಡು, ನನ್ನ ಮುಂದೆಯೇ ಹಾದು, ಒಲೆಯ ಕಡೆ ನಡೆದಳು.

ಆ ಸೆರಗು ನೋಡಿ ನನ್ನ ಕೈಯಲ್ಲಿದ್ದ ಹುರುಳಿಕಾಯಿ ಬಿತ್ತು. ಮೂಗು ಮುಚ್ಚಿಕೊಂಡು ಹೋಗುತ್ತಿದ್ದಾಳೆ ಅಂದರೆ ಅವಳಿಗೆ ತಡೆಯಲಾರದಷ್ಟು ಬರುತ್ತಿದೆ. ನಾನು ಮತ್ತೆ ಪೆಟ್ಟಿಗೆಯ ಕಡೆ ತಿರುಗಿದೆ. ಮಣೆಯ ಮೇಲೆ ಕೂತಿದ್ದರಿಂದ ಅದು ನನ್ನ ಮುಖದ ನೇರಕ್ಕಿತ್ತು. ದೀಪ ಬಿಟ್ಟು ಬೇರೇನನ್ನೂ ನೋಡದಿದ್ದವಳು ಅವತ್ತು ಸೀಳುಗಳನ್ನು ನೋಡಿದೆ. ಒಂದೊಂದು ಸೀಳಿನೊಳಗೂ ವಿಭೂತಿ ಒಣಗಿ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ನಾನೇ ಬಳಿದದ್ದು. ನನ್ನ ಮೂರು ಬೆರಳಿನ ಅಚ್ಚು ಇನ್ನೂ ಅಲ್ಲಿತ್ತು.

ಭಯ ಅಂದರೆ ಏನು ಅಂತ ನನಗೆ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಹಾಲಿನ ಕಡೆಯಿಂದ ಸೋಬಾನೆ ಹಾಡು ಹತ್ತಿರ ಹತ್ತಿರ ಬರುತ್ತಿತ್ತು. ಗೋಡೆ ಹಿಡಿದು ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಆರತಿ ತಟ್ಟೆ ಹಿಡಿದ ಹಿರಿಯ ಹೆಂಗಸು ಓಣಿಯೊಳಗೆ ಬಂದಿದ್ದಳು. ತಟ್ಟೆಯಲ್ಲಿ ಎರಡು ತುಪ್ಪದ ದೀಪ, ಒಂದು ಕಟ್ಟು ಊದುಬತ್ತಿ, ಹಿಂದೆ ಏಳೆಂಟು ಜನ ಮುತ್ತೈದೆಯರು. ಅವಳಿಗೂ ಅಡುಗೆಮನೆಗೂ ನಡುವೆ ನಾಲ್ಕು ಮಾರು ಇರಬಹುದು.

"ನಿಲ್ರಿ! ಬರ್ಬ್ಯಾಡ್ರಿ! ದೀಪ ಆಚೆ ತಗಂಡೋಗ್ರಿ!"

ಹಾಡು ನಿಂತಿತು. "ಏನಮ್ಮ ಇದು, ಆರತಿ ತಂದೋರಿಗೆ ಹಿಂಗಾ ಅನ್ನಾದು?" ಎಂದು ಅವಳು ಮುಖ ಗಂಟಿಕ್ಕಿದಳು.

"ಗ್ಯಾಸು ಸೋರೈತೆ ಕಣ್ರೀ ಅವ್ವಾ."

ಅವಳು ಮೂಸಿದಳು. ಅವಳ ಮೂಗಿನ ಕೆಳಗೇ ಊದುಬತ್ತಿಯ ಹೊಗೆ ಏಳುತ್ತಿತ್ತು. "ನಮಗೇನು ಬರ್ತಿಲ್ವಲ್ಲ." ಹಿಂದಿದ್ದ ಒಬ್ಬಳು, "ಸೋರಿದ್ರೆ ಕೂಗೋ ಪೆಟ್ಟಿಗೆ ಐತಂತಲ್ಲ, ಸಾಹುಕಾರ್ರೇ ಹೇಳಿದ್ರು" ಅಂದಳು. ಹಿರಿಯ ಹೆಂಗಸು ಒಂದು ಹೆಜ್ಜೆ ಮುಂದಿಟ್ಟಳು. "ಈಗಿನ್ನ ನೀನೇ ವಾಸ್ನೆ ಇಲ್ಲ ಅಂತ ಸೊಸಿಗೆ ಬೈತಿದ್ದೆ, ಹಾಲ್ ತನಕ ಕೇಳಿಸ್ತು. ಈಗ ಐತೆ ಅಂತೀಯ. ಯಾವ್ದಮ್ಮ ನಿಜ? ಗಳಿಗೆ ಮೀರ್ತೈತೆ, ಸರಿ ಅತ್ಲಾಗೆ."

ಅವಳದೇನೂ ತಪ್ಪಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ನಾನು ಎರಡೂ ಕೈ ಚಾಚಿ ಓಣಿಗೆ ಅಡ್ಡ ನಿಂತೆ. ಹಿಂದೆ ಒಲೆಯ ಹತ್ತಿರ ನನ್ನ ಸೊಸೆ, ಮುಂದೆ ಉರಿಯುವ ದೀಪ. ಎರಡು ವರ್ಷ ಜೋಪಾನ ಮಾಡಿದ ಮಾತು ನನ್ನ ಬಾಯಿಂದ ಕಿರುಚಾಟವಾಗಿ ಬಂತು.

"ನನಗೆ ವಾಸ್ನೆ ಗೊತ್ತಾಗಲ್ಲ! ಎರಡು ವರ್ಷದಿಂದ ಗೊತ್ತಾಗಲ್ಲ! ನನ್ ಮೂಗು ಸತ್ತೈತೆ, ಪೆಟ್ಟಿಗೆ ಮೂಗಿಗೆ ನಾನೇ ವಿಭೂತಿ ಬಳಿದೀನಿ! ನನ್ ಮಾತು ಕೇಳ್ಬ್ಯಾಡ್ರಿ, ನನ್ ಸೊಸಿ ಮಾತು ಕೇಳ್ರಿ! ಅವಳಿಗೆ ಬರ್ತೈತೆ!"

ಹಿರಿಯ ಹೆಂಗಸು ನನ್ನ ಮುಖ ನೋಡಿದಳು. ಆಮೇಲೆ ದೀಪಕ್ಕೆ ಅಂಗೈ ಅಡ್ಡ ಹಿಡಿದು ತಿರುಗಿ, ಬಂದಷ್ಟೇ ನಿಧಾನವಾಗಿ, ಒಂದು ಹೆಜ್ಜೆಯನ್ನೂ ಓಡದೆ ಹೊರಟಳು. ಓಡಿದ್ದರೆ ದೀಪ ಬೀಳುತ್ತಿತ್ತೇನೋ. ಅವಳ ಹಿಂದೆ ಉಳಿದವರು ಹೋದರು. ನಾನು ಒಳಗೆ ಹೋಗಿ ಸೊಸೆಯ ರಟ್ಟೆ ಹಿಡಿದು ಹಿತ್ತಲ ಬಾಗಿಲಿಗೆ ಎಳೆದೆ. ಅವಳು ಗಾಬರಿಯಲ್ಲಿ ಓಣಿಯ ಕಡೆ ತಿರುಗಿ ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಗ್ರೈಂಡರಿನ ಸ್ವಿಚ್ಚಿಗೆ ಕೈ ಚಾಚಿದಳು. "ಮುಟ್ಬ್ಯಾಡ!" ಎಂದು ಕೈಗೆ ಹೊಡೆದೆ. ಹೊರಗೆ ಬಂದು ಸಿಲಿಂಡರಿನ ವಾಲ್ವನ್ನು ಕೈಯಿಂದಲೇ ತಿರುಗಿಸಿ ಮುಚ್ಚಿದೆ. ಗ್ರೈಂಡರು ಒಳಗೆ ತಿರುಗುತ್ತಲೇ ಇತ್ತು. ಅದರ ಒಂದು ಕಿಡಿ ಸಾಕಿತ್ತು. ಯಾರೋ ಮುಂದಿನ ಗೇಟಿನ ಹತ್ತಿರ ಮೀಟರಿನಲ್ಲಿ ಕರೆಂಟು ತೆಗೆಯುವವರೆಗೆ ನಾವಿಬ್ಬರೂ ಹಿತ್ತಲ ಕಾಂಪೌಂಡಿಗೆ ಬೆನ್ನು ಹಚ್ಚಿ ನಿಂತು ಆ ಗರಗರ ಕೇಳಿದೆವು. ಅಷ್ಟು ಉದ್ದದ ಹೊತ್ತನ್ನು ನಾನು ಜೀವನದಲ್ಲಿ ಕಂಡಿಲ್ಲ.

ಏನೂ ಆಗಲಿಲ್ಲ. ಬಾಗಿಲು ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಟ್ಟರು. ಹೊರಗೆ ದೂರದಲ್ಲಿ ಕಲ್ಲಿಟ್ಟು ಸೌದೆ ಒಲೆಯಲ್ಲಿ ಅಡುಗೆ ಮಾಡಿದೆವು, ಊಟ ಎರಡು ತಾಸು ತಡವಾಯಿತು. ಆ ಹಿರಿಯ ಹೆಂಗಸೇ ಬಂದು ಅದೇ ದೀಪದಿಂದ ಸೌದೆ ಒಲೆಗೆ ಬೆಳಗಿದಳು.

ಸಂಜೆ ಸಾಹುಕಾರರು ಬಂದರು, ಹಿರಿಯೂರಿನಿಂದ ವೈರ್‌ಮನ್ನೂ ಬಂದ. ಪೆಟ್ಟಿಗೆ ಬಿಚ್ಚಿ ಅಂಗೈ ಮೇಲೆ ತಟ್ಟಿದ, ವಿಭೂತಿಯ ಬಿಳಿ ಹೆಕ್ಕಳಿಕೆಗಳು ಉದುರಿದವು. "ದೀಪ ಉರಿದ್ರೆ ಕರೆಂಟು ಬರ್ತೈತೆ ಅಂತ ಅರ್ಥ ಅಕ್ಕಾರೆ. ಮೂಗು ತೆರೆದೈತೆ ಅಂತಲ್ಲ" ಎಂದ. ಅವನೂ ತಿಂಗಳಿಗೊಮ್ಮೆ ಬಂದು ಪರೀಕ್ಷೆ ಮಾಡಬೇಕಿತ್ತಂತೆ, ಬಂದಿರಲಿಲ್ಲ, ಅದನ್ನು ಒಪ್ಪಿಕೊಂಡ. ಸಾಹುಕಾರರು ನನ್ನ ಕಡೆ ತಿರುಗಿ, "ಮೂಗಿನ ವಿಷ್ಯ ಯಾಕೆ ಹೇಳ್ಲಿಲ್ಲ ಅಕ್ಕಾ?" ಅಂದರು.

"ಹೇಳಿದ್ರೆ ಇಟ್ಕಂತಿದ್ರಾ?"

ಅವರು ವೈರ್‌ಮನ್ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಅದರ ಸೀಳುಗಳನ್ನು ತಿರುಗಿಸಿ ನೋಡಿದರು. ನಾನು ಗಂಟುಮೂಟೆ ಕಟ್ಟುವ ಯೋಚನೆಯಲ್ಲೇ ಮನೆಗೆ ಹೋದೆ. ಆದರೆ ಮೂರನೆಯ ದಿನ ಅಡುಗೆಮನೆಯ ಎರಡು ಗೋಡೆಗೆ ಎರಡು ಹೊಸ ಪೆಟ್ಟಿಗೆ ಬಂದವು, ಮೇಲೆ ಮುಟ್ಟಬಾರದು ಅಂತ ಕೆಂಪಕ್ಷರದ ಚೀಟಿ. ಸುದ್ದಿ ಈಗ ಸೊಸೆಯ ಫೋನಿಗೂ ಹೋಗುತ್ತದೆ. ವೈರ್‌ಮನ್ ತಿಂಗಳಿಗೊಮ್ಮೆ ಬಂದು ಕೂಗಿಸಿ ನೋಡುತ್ತಾನೆ, ನಾನು ಸೋಪಿನ ನೊರೆಯನ್ನು ಎಲ್ಲರೆದುರೇ ಹಚ್ಚುತ್ತೇನೆ. ಒಂದೆರಡು ಮನೆಯವರು ತಮ್ಮದೇ ಅಡುಗೆಯವರನ್ನು ಕರೆತಂದರು, ನೋವಾಯಿತು, ಬೈದುಕೊಳ್ಳಲಿಲ್ಲ. ಕೆಲಸ ಉಳಿಯಿತು. ಇಷ್ಟಕ್ಕೆ ನನ್ನ ಭಯ ಮುಗಿಯಬೇಕಿತ್ತು.

ಆ ನಿಶ್ಚಿತಾರ್ಥದ ಮಾರನೆಯ ದಿನ, ಇನ್ನೂ ಏನೂ ಗೊತ್ತಾಗದೆ ಮನೆಯಲ್ಲಿ ಕೂತಿದ್ದಾಗ, ನಾನೂ ಸೊಸೆಯೂ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆವು. ರಾತ್ರಿಯೆಲ್ಲ ತಲೆಯಲ್ಲಿ ತಿರುಗಿದ್ದನ್ನು ಕೇಳಿದೆ.

"ನಿನಗೆ ವಾಸ್ನೆ ಬಂದಿತ್ತಲ್ಲೇ. ಮತ್ತೆ ಒಲೆ ಹತ್ರ ಯಾಕೆ ಹೋದೆ?"

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸದೆ ಹೇಳಿದಳು. "ನೀವು ಇಲ್ಲ ಅಂದ್ರಲ್ಲ ಅತ್ತೆ. ನನ್ ಮೂಗೇ ಕೆಟ್ಟೈತೇನೋ ಅಂದ್ಕಂಡೆ."

"ಆರತಿಯವ್ರು ಬರೋದು ಇನ್ನಷ್ಟು ತಡ ಆಗಿ, ನಾನು ಒಲೆ ಹಚ್ಚು ಅಂದಿದ್ರೆ?"

"ಹಚ್ತಿದ್ದೆ."

ಅಷ್ಟೇ ಅಂದಳು. ಸಿಟ್ಟಿಲ್ಲ, ದೂರಿಲ್ಲ, ಹೊತ್ತಾಯಿತು ಅನ್ನುವಷ್ಟು ಸಹಜವಾಗಿ. ನನ್ನ ಕೈ ನೀರಿನಲ್ಲೇ ನಿಂತಿತು. ಎದುರು ಮಾತಾಡದ ಸೊಸೆ ಎಂದು ನಾನು ಹೊಗಳಿಕೊಂಡದ್ದು ಇದನ್ನೇ. ಅವಳ ಎರಡೂ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. "ನೋಡು, ಇನ್ಮೇಲೆ ನಿನಗೆ ಏನಾದ್ರೂ ಸರಿಯಿಲ್ಲ ಅನ್ಸಿದ್ರೆ ನನ್ ಮಾತು ಕೇಳ್ಬ್ಯಾಡ. ಬೈದ್ರೂ ಕೇಳ್ಬ್ಯಾಡ. ಎದುರು ನಿಂತು ಕೂಗು, ಕೈ ಹಿಡ್ದು ಎಳಿ, ಬೇಕಾದ್ರೆ ಕೆನ್ನೆಗೆ ಎರಡು ಬಿಡು. ತಿಳೀತಾ?"

ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಒದ್ದೆ ಕೈ ಸೀರೆಗೆ ಒರೆಸಿಕೊಂಡಳು.

"ಆಯ್ತು ಅತ್ತೆ" ಅಂದಳು.

ನಿನ್ನೆ ಮೂಗಿಗೆ ಸೆರಗು ಒತ್ತಿಕೊಂಡು ಒಲೆಯ ಕಡೆ ನಡೆಯುವ ಮುಂಚೆ ಅಂದದ್ದೂ ಇದೇ ಮಾತು, ಇದೇ ದನಿ.